ಲೇನಿನ ಕೊನೆಯ ಗೋಡೆಯನ್ನು ಬಿಟ್ಟುಕೊಡಿ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಈಜುಕೊಳಗಳಲ್ಲಿ ಜನ ಜಾಸ್ತಿಯಾಗಿದ್ದಾರೆ, ಲ್ಯಾಪ್ ಈಜಲು, ಅಂದರೆ ಈ ಕೊನೆಯಿಂದ ಆ ಕೊನೆಗೆ ಹೋಗಿ ಬಂದು ಮಾಡಲು, ಜಾಗವೇ ಸಿಗುವುದಿಲ್ಲ ಎಂಬ ದೂರು ಈಜುವವರ ಬಾಯಲ್ಲೆಲ್ಲ ಇದೆ. ಇನ್ನೊಂದು ಕೊಳ ಕಟ್ಟಿಸಿ, ಬ್ಯಾಚ್ ಹೆಚ್ಚಿಸಿ, ಹೊಸಬರಿಗೆ ಪಾಸ್ ಕೊಡಬೇಡಿ ಎಂದು ಕೇಳುವವರೂ ಇದ್ದಾರೆ. ನಾನು ಬೆಳಗಿನ ಮೊದಲ ಬ್ಯಾಚಿನಲ್ಲಿ ಈಜುವ, ಐವತ್ತು ದಾಟಿದ ಹೆಂಗಸು. ಮಂಡಿನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದಕ್ಕೆ ನೀರಿಗಿಳಿದೆ. ಆಮೇಲೆ ಈಜಿನ ಮೇಲೆ ಪ್ರೀತಿಯೇ ಹುಟ್ಟಿತು. ವರ್ಷಗಳಿಂದ ಒಂದೇ ಲೇನಿನಲ್ಲಿ, ಅಂದರೆ ಉದ್ದಕ್ಕೆ ಹಗ್ಗ ಕಟ್ಟಿ ಬೇರೆ ಮಾಡಿದ ಒಂದೇ ಪಟ್ಟಿಯಲ್ಲಿ, ಐದಾರು ಜನರ ಜೊತೆ ಸುತ್ತು ಹೊಡೆಯುತ್ತಿದ್ದೇನೆ. ನನಗೆ ಗೊತ್ತಾಗಿರುವುದು ಇಷ್ಟು: ಒಂದು ಲೇನಿನಲ್ಲಿ ಆರು ಜನ ಈಜಿದರೆ ಏನೂ ತೊಂದರೆಯಿಲ್ಲ. ಆ ಆರರಲ್ಲಿ ಇಬ್ಬರು ಗೋಡೆಗೆ ಅಡ್ಡವಾಗಿ ನಿಂತರೆ ಉಳಿದ ನಾಲ್ವರಿಗೂ ಈಜಲಾಗುವುದಿಲ್ಲ.

ಇದು ಬರೀ ಸಿಟ್ಟಿನ ಮಾತಲ್ಲ. ಲೆಕ್ಕ ಹಾಕಿದರೆ ಯಾರಿಗೂ ತಿಳಿಯುತ್ತದೆ. 25 ಮೀಟರ್ ಉದ್ದದ ಕೊಳ ಅಂದುಕೊಳ್ಳಿ. 100 ಮೀಟರಿಗೆ 2 ನಿಮಿಷ ತೆಗೆದುಕೊಳ್ಳುವ ಸಾಧಾರಣ ಈಜುಗಾರರು. ಆ ಕೊನೆ ಮುಟ್ಟಲು 30 ಸೆಕೆಂಡು, ವಾಪಸ್ ಬರಲು 30 ಸೆಕೆಂಡು. ಹೋಗಿ ಬರುವ ಒಂದು ಸುತ್ತಿಗೆ ಒಂದು ನಿಮಿಷ. ಹತ್ತು ಸೆಕೆಂಡಿಗೆ ಒಬ್ಬರಂತೆ ಹೊರಟರೆ ಮೊದಲನೆಯವರು ವಾಪಸ್ ಬರುವಷ್ಟರಲ್ಲಿ ಆರು ಜನ ನೀರಿನಲ್ಲಿರುತ್ತಾರೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ 8 ಮೀಟರಿಗಿಂತ ಜಾಸ್ತಿ ಜಾಗ. 8 ಮೀಟರ್ ಅಂದರೆ ಸಣ್ಣದಲ್ಲ. ಮುಂದಿನವರ ಕಾಲಿನ ನೊರೆ ಕೂಡ ನಮ್ಮ ಮುಖಕ್ಕೆ ಬರುವುದಿಲ್ಲ. ಕೊಳ 50 ಮೀಟರಿನದಾದರೆ ಇದೇ ಲೆಕ್ಕದಲ್ಲಿ ಹನ್ನೆರಡು ಜನ ಆರಾಮಾಗಿ ಈಜಬಹುದು.

ಈಗ ಒಬ್ಬರು ಗೋಡೆಯ ನಟ್ಟನಡುವೆ ಬೆನ್ನು ಒರಗಿಸಿ ಗಾಗಲ್ಸ್ ಸರಿಮಾಡಿಕೊಳ್ಳುತ್ತಾ 20 ಸೆಕೆಂಡು ನಿಂತರು ಅನ್ನಿ. ಅಷ್ಟರಲ್ಲಿ ಹಿಂದಿನ ಇಬ್ಬರು ಬಂದು ಸೇರುತ್ತಾರೆ. ಅವರಿಗೆ ತಿರುಗಲು ಗೋಡೆ ಇಲ್ಲ. ಅವರೂ ನಿಲ್ಲುತ್ತಾರೆ. ಮೂರನೆಯವರು ಬರುವ ಹೊತ್ತಿಗೆ ಅಲ್ಲೊಂದು ಗುಂಪು. ಆಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಒಬ್ಬರ ಕೈ ಇನ್ನೊಬ್ಬರ ಕಾಲಿಗೆ ತಾಗುತ್ತದೆ, ಆ ಕೊನೆಯಲ್ಲಿ ಮತ್ತೆ ಒಟ್ಟಿಗೆ ಸೇರುತ್ತಾರೆ. ಒಮ್ಮೆ ಹೋದ ಅಂತರ ತಾನಾಗಿ ವಾಪಸ್ ಬರುವುದಿಲ್ಲ. ಆಗ ಎಲ್ಲರೂ ಹೇಳುವುದು "ಇವತ್ತು ಸಿಕ್ಕಾಪಟ್ಟೆ ರಷ್" ಎಂದೇ. ಹಿಂದಿನ ದಿನವೂ ಅಷ್ಟೇ ಜನ ಇದ್ದರು, ಆದರೆ ಎಲ್ಲರೂ ಚೆನ್ನಾಗಿ ಈಜಿ ಹೋದರು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಲೇನಿನಲ್ಲಿ ಇಬ್ಬರೇ ಇದ್ದರೆ ಆಚೆ ಒಬ್ಬರು, ಈಚೆ ಒಬ್ಬರು ಎಂದು ಹಂಚಿಕೊಂಡು ಈಜಬಹುದು. ಮೂರನೆಯವರು ಬಂದ ಕೂಡಲೇ ಸುತ್ತು ಹೊಡೆಯುವ ಕ್ರಮಕ್ಕೆ ಬರಬೇಕು. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಕೊಳದ ತಳದಲ್ಲಿ ಇರುವ ಕಪ್ಪು ಗೆರೆ ಆಗ ನಮ್ಮ ದಾರಿಯಲ್ಲ, ರಸ್ತೆಯ ನಡುಗೆರೆ ಇದ್ದ ಹಾಗೆ. ಅದರ ಮೇಲೆಯೇ ಈಜುವವರು ಇದ್ದಾರೆ. ಒಬ್ಬರೇ ಇದ್ದಾಗ ಕಲಿತ ಅಭ್ಯಾಸ ಅದು. ಎದುರಿನಿಂದ ಬರುವವರಿಗೆ ಅವರು ತಲೆ ಕೆಳಗೆ ಹಾಕಿಕೊಂಡು ಬರುತ್ತಿರುವುದು ಕಾಣುವುದೇ ತಡವಾಗಿ. ಫ್ರೀಸ್ಟೈಲ್ ಈಜುವವರು ನೋಡುವುದು ತಳವನ್ನು. ಉಸಿರಿಗೆ ತಲೆ ತಿರುಗಿಸಿದಾಗ ಒಂದು ಪಕ್ಕ ಮಾತ್ರ ಕಾಣುತ್ತದೆ. ಕ್ಯಾಪ್ ಹಾಕಿದ ಕಿವಿಗೆ, ಅದೂ ನೀರಿನೊಳಗೆ, ಕೂಗಿದ್ದು ಕೇಳುವುದಿಲ್ಲ. ದಡದಲ್ಲಿ ನಿಂತು "ನೋಡ್ಕೊಂಡು ಈಜಕ್ಕಾಗಲ್ವಾ" ಎಂದು ಬಯ್ಯುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು. ನೀರಿನಲ್ಲಿ ಮುಂದೆ ನೋಡಲಾಗುವುದಿಲ್ಲ. ಅದಕ್ಕೇ ಎಲ್ಲರೂ ಒಂದೇ ಕ್ರಮ ಹಿಡಿದು, ಇನ್ನೊಬ್ಬರು ಎಲ್ಲಿರುತ್ತಾರೆ ಎಂದು ನೋಡದೆಯೇ ಗೊತ್ತಾಗುವ ಹಾಗೆ ಈಜಬೇಕು.

ಯಾವ ದಿಕ್ಕಿಗೆ ಸುತ್ತಬೇಕು? ಜಗತ್ತಿಗೆಲ್ಲ ಒಂದೇ ನಿಯಮ ಇಲ್ಲ. ಅಮೆರಿಕದಲ್ಲಿ ಬಲಬದಿ ಹಿಡಿದು ಈಜುವುದು ರೂಢಿ, ಆಸ್ಟ್ರೇಲಿಯಾದಲ್ಲಿ ಎಡಬದಿ. ಬ್ರಿಟನ್ನಿನ ಬಹಳಷ್ಟು ಕೊಳಗಳಲ್ಲಿ ಒಂದು ಲೇನಿನವರು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿದರೆ ಪಕ್ಕದ ಲೇನಿನವರು ಅದಕ್ಕೆ ವಿರುದ್ಧ ಸುತ್ತುತ್ತಾರೆ. ಮೊದಲ ಸಲ ಕೇಳಿದಾಗ ಇದು ಯಾಕಪ್ಪಾ ಅನ್ನಿಸಿತ್ತು. ಯೋಚಿಸಿದರೆ ಬಹಳ ಚೆನ್ನಾಗಿದೆ. ಹೀಗೆ ಮಾಡಿದಾಗ ಲೇನ್ ಹಗ್ಗದ ಎರಡೂ ಪಕ್ಕದವರು ಒಂದೇ ಕಡೆಗೆ ಹೋಗುತ್ತಿರುತ್ತಾರೆ. ಹಗ್ಗ ದಾಟಿ ಕೈಗೆ ಕೈ ತಾಗಿದರೂ ಎದುರುಬದುರು ಬಡಿದಷ್ಟು ಪೆಟ್ಟಾಗುವುದಿಲ್ಲ. ನನ್ನ ಮಾತು ಇಷ್ಟೇ, ಎಡವೋ ಬಲವೋ ಯಾವುದಾದರೂ ಆಗಲಿ. ಪ್ರತಿ ಲೇನಿನ ತುದಿಯಲ್ಲಿ ಒಂದು ಬಾಣದ ಗುರುತು ಇರಬೇಕು. ಆ ಗುರುತು ಇಲ್ಲದ ಕೊಳಗಳಲ್ಲಿ ಜನ ದಿನಾ ಬೆಳಿಗ್ಗೆ ನೀರಿನೊಳಗೆ ಡಿಕ್ಕಿ ಹೊಡೆದು ದಿಕ್ಕು ತೀರ್ಮಾನಿಸುತ್ತಾರೆ.

ಗೋಡೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಎಲ್ಲ ತೊಂದರೆಯ ಮೂಲ ಅಲ್ಲಿದೆ. ತಳದ ಕಪ್ಪು ಗೆರೆಯನ್ನು ಗಮನಿಸಿದ್ದೀರಾ? ಸ್ಪರ್ಧೆಯ ಅಳತೆಯ ಕೊಳಗಳಲ್ಲಿ ಅದು ಗೋಡೆಯವರೆಗೂ ಹೋಗುವುದಿಲ್ಲ. ಗೋಡೆಗೆ 2 ಮೀಟರ್ ಇರುವಾಗ ಒಂದು ಅಡ್ಡಗೆರೆ ಬಂದು ನಿಲ್ಲುತ್ತದೆ. ಗೋಡೆ ಬಂತು, ತಿರುಗಲು ಸಿದ್ಧರಾಗಿ ಎಂದು ಅದು ಈಜುವವರಿಗೆ ಹೇಳುತ್ತದೆ. ಸುತ್ತು ಹೊಡೆಯುವವರು ಅಲ್ಲಿಗೆ ಬಂದಾಗ ಲೇನಿನ ನಡುವಿಗೆ ಸರಿದು, ಗೋಡೆಯ ಮಧ್ಯಭಾಗ ಮುಟ್ಟಿ, ಇನ್ನೊಂದು ಬದಿಗೆ ಹೊರಡುತ್ತಾರೆ. ಹಾಗಾಗಿ ಗೋಡೆಯ ಮಧ್ಯ ತಿರುಗುವವರಿಗೆ ಬೇಕು. ನಿಲ್ಲುವವರಿಗೆ ಮೂಲೆ ಇದೆ. ಹಗ್ಗಕ್ಕೆ ಅಂಟಿಕೊಂಡು, ಕಾಲು ಚಾಚದೆ, ನೆಟ್ಟಗೆ ನಿಂತರೆ ಒಂದು ಮೂಲೆಯಲ್ಲಿ ಇಬ್ಬರು ಸುಧಾರಿಸಿಕೊಳ್ಳಬಹುದು. ಅವರಿಂದ ಯಾರಿಗೂ ತೊಂದರೆಯಾಗುವುದಿಲ್ಲ.

ಫ್ಲಿಪ್ ಟರ್ನ್ ಮಾಡುವವರ ಕಡೆಯಿಂದಲೂ ನೋಡಿ. ಅವರು ಗೋಡೆಗೆ ಸ್ವಲ್ಪ ದೂರ ಇರುವಾಗಲೇ ಪಲ್ಟಿ ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ತಲೆ ಕೆಳಗೆ, ಕಾಲು ಮೇಲೆ. ಕಾಲು ಗೋಡೆಗೆ ಹೋಗುತ್ತಿದೆಯೋ, ಅಲ್ಲಿ ನಿಂತವರ ಹೊಟ್ಟೆಗೆ ಹೋಗುತ್ತಿದೆಯೋ ಅವರಿಗೆ ಕಾಣುವುದಿಲ್ಲ. ನಾನು ಫ್ಲಿಪ್ ಟರ್ನ್ ಮಾಡುವುದಿಲ್ಲ, ಕೈಯಿಂದ ಮುಟ್ಟಿ ತಿರುಗುತ್ತೇನೆ. ಆದರೂ ನನ್ನ ಲೇನಿನಲ್ಲಿ ಸ್ಪರ್ಧೆಗೆ ತಯಾರಾಗುವ ಒಬ್ಬ ಹುಡುಗಿ ಬಂದಾಗ ಅವಳು ಗೋಡೆ ಹತ್ತಿರ ಪ್ರತಿ ಸಲ ವೇಗ ಕಡಿಮೆ ಮಾಡಿ, ತಲೆ ಎತ್ತಿ, ನಿಂತವರನ್ನು ಬಳಸಿ ಹೋಗುವುದನ್ನು ನೋಡುತ್ತೇನೆ. ಅವಳ ಅಭ್ಯಾಸ ಅರ್ಧ ಹಾಳಾಗುತ್ತದೆ. ಗೋಡೆಯ ಬಳಿ ನಿಂತ ಹಿರಿಯರು ಮನೆ, ಮಕ್ಕಳು, ಕೆಲಸ ಎಂದು ಮಾತಾಡುತ್ತಿರುತ್ತಾರೆ. ಮಾತಾಡಬಾರದು ಎಂದು ನಾನು ಹೇಳುತ್ತಿಲ್ಲ. ಕೊಳಕ್ಕೆ ಬರುವ ಸಂತೋಷದಲ್ಲಿ ಅದೂ ಸೇರಿದೆ, ನನಗೂ ಅಲ್ಲಿಯೇ ಗೆಳತಿಯರು ಸಿಕ್ಕಿದ್ದು. ಮಾತಿಗೆ ದಡ ಇದೆ, ಮೆಟ್ಟಿಲಿದೆ, ಈಜುವವರಿಲ್ಲದ ಮೂಲೆ ಇದೆ. ಲೇನಿನ ಗೋಡೆ ಬೇಡ.

ಇನ್ನೊಂದು ಅಭ್ಯಾಸ ಇದೆ. ಗೋಡೆಯ ಬಳಿ ಸುಮ್ಮನೆ ನಿಂತವರು, ತಮಗಿಂತ ಜೋರಾಗಿ ಈಜುವವರು ಗೋಡೆ ಮುಟ್ಟಲು ಎರಡು ಮೀಟರ್ ಇರುವಾಗ ಸರಿಯಾಗಿ ಅವರ ಮುಂದೆಯೇ ಹೊರಟುಬಿಡುತ್ತಾರೆ. ಆಗ ಜೋರಾಗಿ ಬಂದವರು ಮುಂದಿನ 25 ಮೀಟರ್ ಪೂರ್ತಿ ಇವರ ಕಾಲಿನ ಹಿಂದೆ ತೆವಳಬೇಕು. ಐದು ಸೆಕೆಂಡು ಕಾದು ಅವರನ್ನು ಬಿಟ್ಟು ಹೊರಟಿದ್ದರೆ ಇಬ್ಬರಿಗೂ ಪೂರ್ತಿ ಲೇನ್ ಖಾಲಿ ಸಿಗುತ್ತಿತ್ತು. ಬೇಕೆಂದೇ ಯಾರೂ ಹೀಗೆ ಮಾಡುವುದಿಲ್ಲ ಎಂದು ನನಗೆ ಗೊತ್ತು. ಯಾರೋ ಬಂದರು, ನಾನಿಲ್ಲಿ ಅಡ್ಡ ಇದ್ದೇನೆ ಎಂಬ ಗಾಬರಿಯಲ್ಲೇ ಹೊರಡುತ್ತಾರೆ. ಬರುವವರನ್ನು ಬಿಟ್ಟು ಹೊರಡಬೇಕು ಎಂದು ಯಾರಾದರೂ ಒಂದು ಸಲ ಹೇಳಿಕೊಟ್ಟರೆ ಸಾಕು.

ಲೇನ್ ಆರಿಸಿಕೊಳ್ಳುವುದರಲ್ಲಿ ಮಾನ ಅವಮಾನ ಸೇರಿಕೊಂಡಿದೆ. ಅಲ್ಲಿಯೇ ಜಗಳ ಶುರು. ನಿಧಾನದ ಲೇನ್ ಎಂದರೆ ಹೆಂಗಸರದ್ದು, ವಯಸ್ಸಾದವರದ್ದು ಎಂದು ಕೆಲವು ಗಂಡಸರು ತಿಳಿದಿದ್ದಾರೆ. ಅಲ್ಲಿಗೆ ಹೋದರೆ ಚಿಕ್ಕವರಾದ ಹಾಗೆ. ಹಾಗೆಯೇ ನಾನು ಮಧ್ಯಮ ವೇಗದ ಲೇನಿಗೆ ಇಳಿಯುವಾಗ "ಮೇಡಂ, ನಿಮಗೆ ಆ ಕಡೆ ಲೇನ್ ಸರಿ" ಎಂದು ಕೈ ತೋರಿಸಿದವರಿದ್ದಾರೆ. ನಾನು ಈಜುವುದನ್ನು ಅವರು ನೋಡಿಯೂ ಇರಲಿಲ್ಲ. ವಯಸ್ಸು, ಮೈಕಟ್ಟು, ಹಾಕಿಕೊಂಡ ಕ್ಯಾಪ್ ನೋಡಿ ವೇಗ ಹೇಳಲಾಗುವುದಿಲ್ಲ. ಚೆನ್ನಾಗಿ ಬ್ರೆಸ್ಟ್‌ಸ್ಟ್ರೋಕ್ ಬರುವವರು ಸುಮಾರಾಗಿ ಫ್ರೀಸ್ಟೈಲ್ ಹೊಡೆಯುವವರನ್ನು ಸಲೀಸಾಗಿ ಹಿಂದೆ ಹಾಕುತ್ತಾರೆ. ನಿಧಾನ, ಮಧ್ಯಮ, ವೇಗ ಎಂದು ಬೋರ್ಡ್ ಹಾಕಿದರೆ ಎಲ್ಲರಿಗೂ ತಮ್ಮದು ಮಧ್ಯಮ ಅನ್ನಿಸುತ್ತದೆ. ಅದರ ಬದಲು 100 ಮೀಟರಿಗೆ ಎಷ್ಟು ನಿಮಿಷ ಎಂದು ಬರೆದು, ಗೋಡೆಗೆ ಸೆಕೆಂಡು ತೋರಿಸುವ ಒಂದು ದೊಡ್ಡ ಗಡಿಯಾರ ಹಾಕಿದರೆ ವಾದವೇ ಇರುವುದಿಲ್ಲ. ಅಷ್ಟಾಗದಿದ್ದರೆ ಇನ್ನೊಂದು ದಾರಿ ಇದೆ. ಇಳಿಯುವ ಮೊದಲು ದಡದಲ್ಲಿ ಎರಡು ನಿಮಿಷ ನಿಂತು ಯಾವ ಲೇನಿನಲ್ಲಿ ಯಾರು ಹೇಗೆ ಹೋಗುತ್ತಿದ್ದಾರೆ ಎಂದು ನೋಡುವುದು. ನಮ್ಮ ವೇಗಕ್ಕೆ ಹತ್ತಿರ ಇರುವವರು ಎಲ್ಲಿದ್ದಾರೋ ಅಲ್ಲಿಗೆ ಇಳಿಯುವುದು.

ವೇಗ ಬೇರೆ ಬೇರೆ ಇರುವವರು ಒಂದೇ ಲೇನಿನಲ್ಲಿ ಸೇರಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಒಬ್ಬರು 100 ಮೀಟರಿಗೆ ಒಂದೂವರೆ ನಿಮಿಷದವರು, ಇನ್ನೊಬ್ಬರು ಮೂರು ನಿಮಿಷದವರು. 25 ಮೀಟರ್ ಕೊಳದಲ್ಲಿ ಮೊದಲನೆಯವರ ಒಂದು ಸುತ್ತಿಗೆ 45 ಸೆಕೆಂಡು, ಎರಡನೆಯವರಿಗೆ 90 ಸೆಕೆಂಡು. ಅಂದರೆ ಪ್ರತಿ ಒಂದೂವರೆ ನಿಮಿಷಕ್ಕೊಮ್ಮೆ ವೇಗದವರು ನಿಧಾನದವರ ಕಾಲಿಗೆ ಬಂದು ಮುಟ್ಟುತ್ತಾರೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲ! ಇಬ್ಬರೂ ಎಷ್ಟೇ ಒಳ್ಳೆಯವರಾಗಿದ್ದರೂ ಇಪ್ಪತ್ತನೆಯ ಸಲಕ್ಕೆ ತಾಳ್ಮೆ ಉಳಿಯುವುದು ಕಷ್ಟ ಅಲ್ವಾ?

ಮುಂದಿನವರನ್ನು ದಾಟುವುದಕ್ಕೂ ಒಂದು ರೀತಿ ಇದೆ. ಈಜುವವರಲ್ಲಿ ನಡೆದುಬಂದಿರುವ ಪದ್ಧತಿ ಏನೆಂದರೆ, ಹಿಂದಿನವರು ಮುಂದಿನವರ ಪಾದವನ್ನು ಬೆರಳ ತುದಿಯಿಂದ ಒಂದು ಸಲ ಮೆಲ್ಲಗೆ ಮುಟ್ಟುವುದು. ಮುಂದಿನವರು ಅಲ್ಲೇ ನಿಲ್ಲಬಾರದು. ಈಜುತ್ತಾ ಹೋಗಿ, ಗೋಡೆ ಸಿಕ್ಕಿದ ಮೇಲೆ ಮೂಲೆಗೆ ಸರಿದು ಹಿಂದಿನವರನ್ನು ಬಿಡಬೇಕು. ಲೇನಿನ ಮಧ್ಯೆ ದಾಟಲು ಹೋದರೆ ಎದುರಿನಿಂದ ಬರುವವರಿಗೆ ಪೆಟ್ಟು ಗ್ಯಾರಂಟಿ. ಒಲಿಂಪಿಕ್ ಕೊಳದಲ್ಲೇ ಒಂದು ಲೇನಿನ ಅಗಲ 2.5 ಮೀಟರ್. ಸಾರ್ವಜನಿಕ ಕೊಳಗಳಲ್ಲಿ ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಮೂವರು ಅಕ್ಕಪಕ್ಕ ಹೋಗುವಷ್ಟು ಜಾಗ ಅಲ್ಲಿಲ್ಲ.

ಪಾದ ಮುಟ್ಟುವ ಪದ್ಧತಿಯ ಬಗ್ಗೆ ಒಬ್ಬ ಹೆಂಗಸಾಗಿ ಒಂದು ಮಾತು ಹೇಳಲೇಬೇಕು. ಗೊತ್ತಿಲ್ಲದವರು ನೀರಿನೊಳಗೆ ಮೈ ಮುಟ್ಟಿದರೆ ನಮಗೆ ಎದೆ ಧಸಕ್ ಎನ್ನುತ್ತದೆ. ಅದು ದಾಟಲು ಮಾಡಿದ ಸನ್ನೆಯೋ, ಬೇರೆ ಏನೋ, ಗೊತ್ತಾಗುವುದಿಲ್ಲ. ಈ ಪದ್ಧತಿಯೇ ತಿಳಿಯದ ಹೊಸಬರಿಗಂತೂ ಇನ್ನೂ ಕಷ್ಟ. ಇದೇ ಕಾರಣಕ್ಕೆ ನೀರಿಗಿಳಿಯುವುದನ್ನೇ ಬಿಟ್ಟ ಒಬ್ಬ ಗೆಳತಿ ನನಗಿದ್ದಾಳೆ. ಆದ್ದರಿಂದ ಪರಿಚಯ ಇಲ್ಲದವರ ಹಿಂದೆ ಬಂದು ಸೇರಿದಾಗ ಮುಟ್ಟುವುದಕ್ಕಿಂತ ಗೋಡೆಯ ಬಳಿ ಕಾದು ಮಾತಾಡುವುದು ಮೇಲು. "ನಾನು ಸ್ವಲ್ಪ ಜೋರಾಗಿ ಹೋಗ್ತೀನಿ, ಮುಂದೆ ಹೋಗಬಹುದಾ?" ಎಂದರೆ ಇಲ್ಲ ಎಂದವರನ್ನು ನಾನು ನೋಡಿಲ್ಲ. ಮುಟ್ಟಲೇಬೇಕಾದರೆ ಪಾದ ಮಾತ್ರ, ಒಂದೇ ಸಲ. ಕಣಕಾಲು ಹಿಡಿದು ಎಳೆಯುವುದು, ಸೊಂಟದ ಹತ್ತಿರ ಕೈ ತಾಗಿಸಿ ದಾಟುವುದು ತಪ್ಪು. ಅದಕ್ಕೆ ರಷ್ ಇತ್ತು ಎಂಬ ಸಬೂಬು ಬೇಡ. ಅಕಸ್ಮಾತ್ ತಾಗಿದರೆ ಮುಂದಿನ ಗೋಡೆಯ ಬಳಿ ತಲೆ ಎತ್ತಿ ಸಾರಿ ಎಂದರೆ ಎದುರಿನವರ ಮನಸ್ಸು ಎಷ್ಟು ಹಗುರ ಆಗುತ್ತದೆ ಎಂಬುದು ಹೆಂಗಸರಿಗೆ ಗೊತ್ತು.

ಲೇನಿಗೆ ಹೊಸದಾಗಿ ಇಳಿಯುವಾಗಲೂ ಅಷ್ಟೇ. ಮೂಲೆಯಲ್ಲಿ ದಡದ ಮೇಲೆ ಕೂತು ಕಾಲು ಇಳಿಬಿಡಿ. ಈಜುತ್ತಿರುವವರು ಒಂದು ಸುತ್ತು ಬಂದು ನಿಮ್ಮನ್ನು ನೋಡಲಿ. ಅದರಲ್ಲೂ ಇಬ್ಬರು ಲೇನ್ ಹಂಚಿಕೊಂಡು ಈಜುತ್ತಿದ್ದರೆ ಇಬ್ಬರಿಗೂ ತಿಳಿಯುವವರೆಗೆ ಕಾಯಬೇಕು. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದೆ ಸುತ್ತು ಶುರುಮಾಡಿದರೆ ಎರಡನೆಯವರಿಗೆ ನೇರ ಡಿಕ್ಕಿ. ದಡದಿಂದ ಡೈವ್ ಹೊಡೆದು ಇಳಿಯುವುದಂತೂ ಜನ ಇರುವ ಲೇನಿನಲ್ಲಿ ಬೇಡವೇ ಬೇಡ. ಆಳ ಕಡಿಮೆ ಇರುವ ಕಡೆ ತಲೆ ಮುಂದಾಗಿ ಧುಮುಕಿ ಕುತ್ತಿಗೆಯ ಮೂಳೆಗೆ ಪೆಟ್ಟಾದವರು ಬದುಕೆಲ್ಲ ಹಾಸಿಗೆ ಹಿಡಿಯುವುದುಂಟು.

ಎಲ್ಲ ಸ್ಟ್ರೋಕಿಗೂ ಒಂದೇ ಜಾಗ ಸಾಲುವುದಿಲ್ಲ ಎಂಬುದನ್ನೂ ಮರೆಯುತ್ತೇವೆ. ಬ್ರೆಸ್ಟ್‌ಸ್ಟ್ರೋಕಿನ ಕಾಲು ಅಗಲಕ್ಕೆ ಹೋಗುತ್ತದೆ. ಎದುರಿನವರು ಪಕ್ಕಕ್ಕೆ ಬಂದಾಗ ಒಂದು ಕಿಕ್ ತಡೆದು ಜಾರಿಕೊಂಡು ಹೋಗುವುದು ನಮಗೆ ಸಾಧ್ಯ. ನಾನು ಹಾಗೆ ಮಾಡುತ್ತೇನೆ, ಇದರಿಂದ ವೇಗವೇನೂ ಕಡಿಮೆಯಾಗುವುದಿಲ್ಲ. ಬಟರ್‌ಫ್ಲೈ ಹೊಡೆಯುವವರು ಎರಡೂ ಕೈ ಚಾಚಿ ಬರುವಾಗ ಅರ್ಧ ಲೇನಿನಲ್ಲಿ ಹಿಡಿಯುವುದಿಲ್ಲ. ಜನ ಕಡಿಮೆಯಾಗುವವರೆಗೆ ಕಾಯಬೇಕು, ಇಲ್ಲವೇ ಎದುರಿಗೆ ಯಾರಾದರೂ ಬಂದಾಗ ಒಂದು ಕೈಯಲ್ಲಿ ಹೊಡೆಯಬೇಕು. ನಮ್ಮ ಬ್ಯಾಚಿನಲ್ಲಿ ಒಬ್ಬ ಯುವಕ ಹಾಗೆ ಮಾಡುತ್ತಾನೆ. ಅವನು ಪಕ್ಕದಲ್ಲಿ ಹೋದದ್ದೇ ಗೊತ್ತಾಗುವುದಿಲ್ಲ. ಕೈಗೆ ಹಾಕುವ ಪ್ಯಾಡಲ್ ಗಟ್ಟಿ ಪ್ಲಾಸ್ಟಿಕ್, ಅದರ ಅಂಚು ಬೆರಳಿಗೆ ಬಡಿದರೆ ಚರ್ಮ ಸೀಳುತ್ತದೆ. ತುಂಬಿದ ಲೇನಿನಲ್ಲಿ ಅದನ್ನು ಚೀಲದಲ್ಲೇ ಬಿಡಬೇಕು.

ಬ್ಯಾಕ್‌ಸ್ಟ್ರೋಕಿನವರ ಮೇಲೆ ಎಲ್ಲರಿಗೂ ಸಿಟ್ಟು. ನನಗೆ ಅವರ ಮೇಲೆ ಕನಿಕರ. ಅಂಗಾತ ಮಲಗಿ ಈಜುವ ಅವರಿಗೆ ಮುಂದೇನಿದೆ ಎಂದು ಒಂದಿಷ್ಟೂ ಕಾಣುವುದಿಲ್ಲ. ಅದಕ್ಕಾಗಿಯೇ ಸ್ಪರ್ಧೆಯ ಕೊಳಗಳಲ್ಲಿ ಗೋಡೆಗೆ 5 ಮೀಟರ್ ಇರುವಾಗ ನೀರಿನ ಮೇಲೆ ಅಡ್ಡಲಾಗಿ ಬಾವುಟಗಳ ಸಾಲು ಕಟ್ಟುತ್ತಾರೆ. ಬಾವುಟ ಕಂಡ ಮೇಲೆ ಎಷ್ಟು ಕೈ ಹೊಡೆದರೆ ಗೋಡೆ ಸಿಗುತ್ತದೆ ಎಂದು ಎಣಿಸಿಕೊಂಡು ಅವರು ತಿರುಗುತ್ತಾರೆ. ಬಹಳ ಕೊಳಗಳಲ್ಲಿ ಈ ಬಾವುಟಗಳನ್ನು ಸ್ಪರ್ಧೆಯ ದಿನ ಕಟ್ಟಿ ಮಾರನೇ ದಿನ ಬಿಚ್ಚಿಡುತ್ತಾರೆ. ದಿನಾ ಕಟ್ಟಿರಲು ಏನು ಕಷ್ಟ? ಒಂದು ಹಗ್ಗ, ಒಂದಷ್ಟು ಬಟ್ಟೆ ತುಂಡು. ಅದಿಲ್ಲದೆ ತಲೆ ಗೋಡೆಗೆ ಬಡಿಸಿಕೊಂಡವರನ್ನೂ, ಗೋಡೆಯ ಬಳಿ ನಿಂತವರ ಮುಖಕ್ಕೆ ಕೈ ಬೀಸಿದವರನ್ನೂ ನೋಡಿದ್ದೇನೆ.

ಲೇನ್ ಹಗ್ಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಗ್ಗದ ಮೇಲಿನ ಪ್ಲಾಸ್ಟಿಕ್ ಬಿಲ್ಲೆಗಳು ಅಂದಕ್ಕಲ್ಲ. ಪಕ್ಕದ ಲೇನಿನ ಅಲೆಯನ್ನು ಒಡೆದು ನೀರನ್ನು ಸಮ ಮಾಡುವುದು ಅವುಗಳ ಕೆಲಸ. 1936ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದ ಅಡಾಲ್ಫ್ ಕೀಫರ್ ಮುಂದೆ ಇಂಥ ಅಲೆ ತಡೆಯುವ ಹಗ್ಗಗಳನ್ನು ರೂಪಿಸಿದರು. ಈಜುಗಾರರೊಬ್ಬರು ಈಜುಗಾರರಿಗಾಗಿ ಯೋಚಿಸಿ ಮಾಡಿದ್ದು. ಅದರ ಮೇಲೆ ಕೂತು, ಜೋತುಬಿದ್ದು ಸುಧಾರಿಸಿಕೊಂಡರೆ ಹಗ್ಗ ಬಾಗಿ ಪಕ್ಕದ ಲೇನ್ ಕಿರಿದಾಗುತ್ತದೆ, ಬಿಲ್ಲೆ ಒಡೆಯುತ್ತದೆ, ಒಡೆದ ಬಿಲ್ಲೆ ಇನ್ನೊಬ್ಬರ ಕೈ ಗೀರುತ್ತದೆ.

ಹಾಗಾದರೆ ಈಜು ಪೂರ್ತಿ ಬರದವರು, ನೀರಿನಲ್ಲಿ ನಡೆಯುವವರು, ಕಾಲಿನ ಆಪರೇಶನ್ ಆಗಿ ವ್ಯಾಯಾಮಕ್ಕೆ ಬಂದವರು ಎಲ್ಲಿಗೆ ಹೋಗಬೇಕು? ಕೊಳ ಅವರದ್ದೂ ಹೌದು. ಸಾರ್ವಜನಿಕ ಕೊಳದಲ್ಲಿ ಲ್ಯಾಪ್ ಹೊಡೆಯುವವರಿಗೆ ವಿಶೇಷ ಹಕ್ಕೇನೂ ಇಲ್ಲ. ಅವರನ್ನು ಗದರಿಸಿ ಮೂಲೆಗೆ ತಳ್ಳುವ ಈಜುಗಾರರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು. ಹಗ್ಗ ಹಿಡಿದು ಉಸಿರು ಬಿಡುತ್ತಾ ನಿಂತ ಆ ಹೊಸಬರು ಎಷ್ಟು ಧೈರ್ಯ ಮಾಡಿ ಆಳದ ಕಡೆ ಬಂದಿದ್ದಾರೋ ಯಾರಿಗೆ ಗೊತ್ತು. ತಪ್ಪು ಅವರದ್ದಲ್ಲ, ಅವರಿಗೆ ಬೇರೆ ಜಾಗ ಗುರುತು ಮಾಡದ ಆಡಳಿತದ್ದು. ಎಷ್ಟೇ ರಷ್ ಇದ್ದರೂ ಒಂದು ಲೇನ್ ನಡೆಯುವವರಿಗೆ, ಕಲಿಯುವವರಿಗೆ ಎಂದು ತೆಗೆದಿಡಬೇಕು. ಹಣ ಕೊಟ್ಟು ಬಂದ ಇಬ್ಬರು ಮೂವರಿಗೆ ಕಲಿಸಲು ಕೋಚ್ ಒಬ್ಬರು ಪೂರ್ತಿ ಲೇನನ್ನು ಹಿಡಿದಿಟ್ಟುಕೊಂಡು, ಪಕ್ಕದ ಲೇನಿನಲ್ಲಿ ಒಂಬತ್ತು ಜನ ಒದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನ್ಯಾಯವಲ್ಲ. ಯಾವ ಹೊತ್ತಿಗೆ ಯಾವ ಲೇನ್ ಕೋಚಿಂಗಿಗೆ ಎಂದು ಬಾಗಿಲಲ್ಲೇ ಬರೆದು ಹಾಕಿದರೆ ಜನ ತಮ್ಮ ಸಮಯ ಬದಲಿಸಿಕೊಳ್ಳುತ್ತಾರೆ.

ಎಲ್ಲಕ್ಕಿಂತ ನನ್ನನ್ನು ಹೆದರಿಸುವ ಸಂಗತಿ ಬೇರೆ ಇದೆ. ಯುವಕರು ಲೇನಿನಲ್ಲಿ ಉಸಿರು ಹಿಡಿದು ನೀರಿನಡಿಯಲ್ಲಿ ಎಷ್ಟು ದೂರ ಹೋಗಬಹುದು ಎಂದು ಪಂದ್ಯ ಕಟ್ಟುತ್ತಾರೆ. ಮುಳುಗುವ ಮೊದಲು ಜೋರು ಜೋರಾಗಿ ನಾಲ್ಕೈದು ಸಲ ಉಸಿರೆಳೆದು ಬಿಡುತ್ತಾರೆ. ಹಾಗೆ ಮಾಡಿದರೆ ಆಮ್ಲಜನಕ ತುಂಬಿಕೊಳ್ಳುತ್ತದೆ ಎಂದು ಅವರ ನಂಬಿಕೆ. ಅಸಲಿಗೆ ಆಗುವುದು ಬೇರೆ. ಉಸಿರು ಬೇಕು ಎಂದು ಒಳಗಿನಿಂದ ತಳಮಳ ಹುಟ್ಟಿಸುವುದು ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡ್. ಜೋರು ಉಸಿರಾಟದಲ್ಲಿ ಅದು ಹೊರಗೆ ಹೋಗಿಬಿಡುತ್ತದೆ. ಆಗ ಆಮ್ಲಜನಕ ತೀರಿಹೋದರೂ ತಳಮಳ ಆಗುವುದಿಲ್ಲ. ಮುನ್ಸೂಚನೆಯೇ ಇಲ್ಲದೆ ನೀರಿನಡಿಯಲ್ಲಿ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೂ ಹೀಗೆ ಸಾಯುತ್ತಾರೆ, ಎದೆಮಟ್ಟದ ನೀರಿನಲ್ಲೂ. ಮೇಲೆ ಈಜುತ್ತಾ ಹೋಗುವ ನಮಗೆ ಆ ಹುಡುಗ ಅಭ್ಯಾಸ ಮಾಡುತ್ತಿದ್ದಾನೆ ಅನ್ನಿಸುತ್ತದೆ. ತುಂಬಿದ ಕೊಳದಲ್ಲಿ ಇದನ್ನು ಪೂರ್ತಿ ನಿಲ್ಲಿಸಬೇಕು. ಅಲುಗಾಡದೆ ತಳದಲ್ಲಿ ಯಾರಾದರೂ ಕಂಡರೆ ನಾವು ನಮ್ಮ ಲ್ಯಾಪ್ ಬಿಟ್ಟು ಆ ಕ್ಷಣವೇ ಲೈಫ್‌ಗಾರ್ಡನ್ನು ಕೂಗಬೇಕು.

ಲೈಫ್‌ಗಾರ್ಡ್ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇನೆ. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮೇಲೆ ಬರುವಷ್ಟರಲ್ಲಿ ಉಸಿರಿಗೇ ಸಮಯ ಸಾಲುವುದಿಲ್ಲ. ಅದು ಸದ್ದಿಲ್ಲದೆ ನಡೆದುಹೋಗುತ್ತದೆ. ಹಾಗಾಗಿ ಲೈಫ್‌ಗಾರ್ಡ್ ಕಣ್ಣು ನೀರಿನಿಂದ ಕದಲಬಾರದು. ಆದರೆ ಲೇನ್ ಜಗಳ ಶುರುವಾದ ಕೂಡಲೇ ನಾವೆಲ್ಲ ಅವರನ್ನೇ ಕರೆಯುತ್ತೇವೆ. "ಇವರು ದಾರಿ ಬಿಡ್ತಿಲ್ಲ ನೋಡಿ", "ಅವರು ಒದ್ದರು ನೋಡಿ" ಎಂದು ಅವರ ಸುತ್ತ ನಿಲ್ಲುತ್ತೇವೆ. ಐದು ನಿಮಿಷ ಅವರು ನಮ್ಮ ಮುಖ ನೋಡುತ್ತಾ ಪಂಚಾಯಿತಿ ಮಾಡುತ್ತಾರೆ. ಆ ಐದು ನಿಮಿಷ ಕೊಳವನ್ನು ಯಾರೂ ನೋಡುತ್ತಿರುವುದಿಲ್ಲ. ಮಕ್ಕಳು ಇರುವ ಕಡೆಯೂ ನೋಡುತ್ತಿರುವುದಿಲ್ಲ. ಲೇನಿನ ಶಿಸ್ತನ್ನು ನಾನು ಬರೀ ಮರ್ಯಾದೆಯ ವಿಷಯ ಎಂದು ಭಾವಿಸದೇ ಇರುವುದು ಇದಕ್ಕೇ.

ಸ್ನಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಳದ ಹತ್ತಿರ ಮೂಗಿಗೆ ಬಡಿಯುವ ವಾಸನೆ, ಕಣ್ಣುರಿ ಎಲ್ಲ ಕ್ಲೋರಿನ್ ಜಾಸ್ತಿ ಹಾಕಿದ್ದರಿಂದ ಎಂದು ಜನ ತಿಳಿದಿದ್ದಾರೆ. ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮ್ ಇವು ಕ್ಲೋರಿನ್ ಜೊತೆ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ಇಳಿಯುವ ಮೊದಲು ಒಂದು ನಿಮಿಷ ಶವರ್ ಕೆಳಗೆ ನಿಂತರೆ ಅದರಲ್ಲಿ ಬಹುಪಾಲು ಕೊಳಕ್ಕೆ ಹೋಗುವುದೇ ಇಲ್ಲ. ಭೇದಿ ಆಗುತ್ತಿರುವವರು ದಯವಿಟ್ಟು ಬರಬೇಡಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಿರುತ್ತದೆ. ಇನ್ನು ಮೊಬೈಲ್. ಮಗುವಿನ ಮೊದಲ ಈಜಿನ ವಿಡಿಯೋ ತೆಗೆಯುವ ಆಸೆ ಯಾರಿಗಿರುವುದಿಲ್ಲ? ಆದರೆ ಆ ವಿಡಿಯೋದಲ್ಲಿ ನಾವೂ ಬರುತ್ತೇವೆ, ಈಜುಡುಪಿನಲ್ಲಿ. ದಡದ ಮೇಲೆ ಮೊಬೈಲ್ ಬೇಡ ಎಂಬ ನಿಯಮ ಎಲ್ಲ ಕೊಳಗಳಲ್ಲೂ ಇರಬೇಕು, ಇದ್ದ ಕಡೆ ಜಾರಿಯಾಗಬೇಕು.

ಕೊಳಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಲೇನಿನ ಎರಡೂ ತುದಿಗೆ ದಿಕ್ಕಿನ ಬಾಣ ಮತ್ತು 100 ಮೀಟರಿನ ಸಮಯ ಬರೆದ ಬೋರ್ಡ್ ಹಾಕಿ. ಈಜುವವರ ಕಣ್ಣಿಗೆ ಬೀಳುವಷ್ಟು ಕೆಳಗೆ ಹಾಕಿ. ಸ್ವಾಗತ ಕೊಠಡಿಯ ಗೋಡೆಯಲ್ಲಿ, ಕನ್ನಡಕ ತೆಗೆದ ಮೇಲೆ ಯಾರೂ ಓದಲಾಗದ ಸಣ್ಣ ಅಕ್ಷರದಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಗಡಿಯಾರ ಹಾಕಿ, ಬಾವುಟ ಕಟ್ಟಿ. ರಷ್ ಹೊತ್ತಿನಲ್ಲಿ ಲೇನ್ ನೋಡಿಕೊಳ್ಳಲು ಲೈಫ್‌ಗಾರ್ಡ್ ಬಿಟ್ಟು ಬೇರೊಬ್ಬರು ದಡದಲ್ಲಿರಲಿ. ಈ ನಾಲ್ಕನ್ನು ಬರೆದು ನಾವು ಕೆಲವರು ಸಹಿ ಮಾಡಿ ನಮ್ಮ ಕೊಳದ ಮ್ಯಾನೇಜರಿಗೆ ಕೊಟ್ಟಿದ್ದೇವೆ. ಬಾವುಟದ ಹಗ್ಗಕ್ಕೆ ಕೊಕ್ಕೆ ಹೊಡೆಸುತ್ತೇನೆ ಎಂದು ಅವರು ಒಪ್ಪಿದ್ದಾರೆ. ಬೋರ್ಡಿನ ಮಾತಿಗೆ ನೋಡೋಣ ಎಂದಿದ್ದಾರೆ.

ಕೋಚ್‌ಗಳಲ್ಲೂ ಒಂದು ಮನವಿ ಇದೆ. ನೀವು ತೇಲುವುದು, ಕೈ ಹೊಡೆಯುವುದು, ಉಸಿರು ಬಿಡುವುದು ಎಲ್ಲ ಕಲಿಸುತ್ತೀರಿ. ಇನ್ನೊಬ್ಬರ ಜೊತೆ ಒಂದೇ ಲೇನಿನಲ್ಲಿ ಈಜುವುದನ್ನು ಕಲಿಸುವವರು ಕಡಿಮೆ. ಖಾಲಿ ಲೇನಿನಲ್ಲಿ ಕಲಿತವರು ಪಾಸ್ ಮಾಡಿಸಿಕೊಂಡು ಮರುದಿನ ತುಂಬಿದ ಲೇನಿಗೆ ಬಂದಾಗ ಕಂಗಾಲಾಗುತ್ತಾರೆ. ಕೋರ್ಸಿನ ಕೊನೆಯ ದಿನಗಳಲ್ಲಿ ಒಂದು ತರಗತಿಯನ್ನು ಇದಕ್ಕೆಂದೇ ಇಡಿ. ಆರು ಜನರನ್ನು ಒಂದೇ ಲೇನಿಗೆ ಇಳಿಸಿ. ಹತ್ತು ಸೆಕೆಂಡಿಗೊಬ್ಬರನ್ನು ಬಿಡಿ. ಮೂಲೆಯಲ್ಲಿ ನಿಲ್ಲುವುದು, ಗೋಡೆಯ ಬಳಿ ಹಿಂದಿನವರನ್ನು ಮುಂದೆ ಬಿಡುವುದು, ನಡುವೆ ತಿರುಗುವುದು ಇಷ್ಟನ್ನು ಅರ್ಧ ಗಂಟೆ ಮಾಡಿಸಿ. ಮಕ್ಕಳ ಬೇಸಿಗೆ ಶಿಬಿರಗಳಲ್ಲೂ ಇದನ್ನು ಸೇರಿಸಿ. ಯಾವುದಾದರೂ ಕೊಳದವರು ಇಂಥ ತರಗತಿ ಶುರುಮಾಡಿದರೆ, ಬೆಳಗಿನ ಬ್ಯಾಚಿನ ನಾವು ಮೂರ್ನಾಲ್ಕು ಹೆಂಗಸರು ಹೊಸಬರ ಜೊತೆ ಲೇನಿನಲ್ಲಿ ಈಜಿ ತೋರಿಸಲು ತಯಾರಿದ್ದೇವೆ.

ಇಂತಿ,
ಬೆಳಗಿನ ಬ್ಯಾಚಿನ ಒಬ್ಬ ಈಜುಗಾರ್ತಿ